ವಾದಿ ಜಿಝಿ ಕಣಿವೆಯ ತಾಮ್ರದ ದಾರಿಯನ್ನು ಉಳಿಸಿಕೊಡಿ: ಒಮಾನ್‌ನ ಪರಂಪರೆ ಸಚಿವರಿಗೆ ಬಹಿರಂಗ ಪತ್ರ

ಒಮಾನ್ ಸರ್ಕಾರದ ಪರಂಪರೆ ಮತ್ತು ಪ್ರವಾಸೋದ್ಯಮ ಸಚಿವರಿಗೆ,

ಮಾನ್ಯರೇ,

ನಾನು ಸೊಹಾರ್‌ನ ಬಂದರು ಪ್ರದೇಶದಲ್ಲಿ ಹಲವು ವರ್ಷಗಳಿಂದ ದುಡಿಯುತ್ತಿರುವ ಕನ್ನಡಿಗ. ಈ ಪತ್ರದ ಅರಬ್ಬಿ ಅನುವಾದವನ್ನು ತಮ್ಮ ಕಚೇರಿಗೆ ಪ್ರತ್ಯೇಕವಾಗಿ ಕಳುಹಿಸುತ್ತಿದ್ದೇನೆ. ಇಲ್ಲಿ ಹೇಳುವ ವಿಷಯ ಈ ದೇಶದ ಕಾಮಗಾರಿಗಳಲ್ಲಿ ಬೆವರು ಸುರಿಸುತ್ತಿರುವ ನನ್ನ ನಾಡಿನವರಿಗೂ ಸಂಬಂಧಿಸಿದ್ದಾದ್ದರಿಂದ ಕನ್ನಡದಲ್ಲಿಯೂ ಪ್ರಕಟಿಸುತ್ತಿದ್ದೇನೆ.

ಸೊಹಾರ್‌ನಿಂದ ಬುರೈಮಿ ಮತ್ತು ಅಲ್ ಐನ್ ಮೂಲಕ ಅಬುಧಾಬಿಗೆ ರೈಲುಮಾರ್ಗ ಸಿದ್ಧವಾಗುತ್ತಿದೆ. ಅದನ್ನು ನಾನು ವಿರೋಧಿಸುತ್ತಿಲ್ಲ. ಕರಾವಳಿಯನ್ನೂ ಹಜರ್ ಬೆಟ್ಟಗಳ ಆಚೆಗಿನ ಓಯಸಿಸ್‌ಗಳನ್ನೂ ಬೆಸೆಯುವ ಕೆಲಸ ಈ ನೆಲಕ್ಕೆ ಹೊಸದೇನೂ ಅಲ್ಲ. ವಾದಿ ಜಿಝಿ ಕಣಿವೆಯೇ ಆ ಎರಡರ ನಡುವಿನ ಸಹಜ ದಾರಿ. ಈಗಿನ ಇರಾಕಿನ ನೆಲವಾದ ಮೆಸೊಪೊಟೇಮಿಯದ ಪ್ರಾಚೀನ ಬರಹಗಳು ಮಗನ್ ಎಂದು ಕರೆದ ತಾಮ್ರದ ನಾಡು ಇದೇ ಎಂದು ವಿದ್ವಾಂಸರು ಗುರುತಿಸಿದ್ದಾರೆ. ಮೆಲುಹ್ಹ, ಮಗನ್ ಮತ್ತು ದಿಲ್ಮುನ್‌ನ ಹಡಗುಗಳು ತನ್ನ ಅಕ್ಕಾಡ್‌ನ ಕಟ್ಟೆಗೆ ಬಂದು ನಿಲ್ಲುತ್ತವೆ ಎಂದು ಅರಸ ಸಾರ್ಗನ್ ಹೆಮ್ಮೆಯಿಂದ ಬರೆಸಿಕೊಂಡು ಸುಮಾರು 4,300 ವರ್ಷಗಳಾದವು. ಮೆಲುಹ್ಹ ಎಂದರೆ ಸಿಂಧೂ ಕಣಿವೆಯ ನಾಡು, ದಿಲ್ಮುನ್ ಎಂದರೆ ಈಗಿನ ಬಹ್ರೇನ್ ಸುತ್ತಲಿನ ನಾಡು. ತಮ್ಮ ದೇಶದ ಪೂರ್ವ ತುದಿಯ ರಾಸ್ ಅಲ್ ಜಿನ್ಝ್‌ನಲ್ಲಿ ಸಿಂಧೂ ಮಾದರಿಯ ಮಡಕೆಗಳ ಚೂರುಗಳು ಸಿಕ್ಕಿವೆ. ಅಲ್ಲೇ ದೊರೆತ ಡಾಂಬರಿನ ತುಂಡುಗಳ ಒಂದು ಬದಿಯಲ್ಲಿ ಜೊಂಡು ಮತ್ತು ಹಗ್ಗದ ಅಚ್ಚು, ಇನ್ನೊಂದು ಬದಿಯಲ್ಲಿ ಸಮುದ್ರದ ಚಿಪ್ಪುಜೀವಿಗಳು ಅಂಟಿರುವುದನ್ನು ನೋಡಿದರೆ ಅವು ನೀರಿಗಿಳಿದ ದೋಣಿಯದ್ದೇ ಎಂಬುದರಲ್ಲಿ ಅನುಮಾನ ಉಳಿಯುವುದಿಲ್ಲ.

ಒಂದು ಶುಕ್ರವಾರ ಈ ಕಣಿವೆಯ ಪಕ್ಕದ ದಿಬ್ಬವೊಂದರ ಮೇಲೆ ನಾನು ಅಂಗೈಯಗಲದ ಕಪ್ಪು ಕಲ್ಲೊಂದನ್ನು ಎತ್ತಿ ನೋಡಿದೆ. ಗಾತ್ರಕ್ಕೆ ಮೀರಿದ ಭಾರ. ಒಂದು ಮೈ ಗಾಜಿನಂತೆ ನುಣುಪು, ಅದರ ಮೇಲೆ ಕಾಯಿಸಿದ ಬೆಲ್ಲದ ಪಾಕ ಹರಿದು ಗಟ್ಟಿಯಾದಂಥ ಸುಕ್ಕುಗಳು, ಅಂಚಿನಲ್ಲಿ ಹಸಿರು ಚುಕ್ಕೆ. ಅದು ಕಲ್ಲಲ್ಲ, ತಾಮ್ರದ ಅದಿರನ್ನು ಕುಲುಮೆಯಲ್ಲಿ ಕರಗಿಸಿದಾಗ ಹೊರಬಿದ್ದ ಕಿಟ್ಟ. ಎತ್ತಿದ ಜಾಗದಲ್ಲೇ ಅದನ್ನು ಮತ್ತೆ ಇಟ್ಟೆ, ಏಕೆಂದರೆ ಕಿಟ್ಟಕ್ಕೆ ಬೆಲೆ ಬರುವುದು ಅದು ಬಿದ್ದಿರುವ ಜಾಗದಿಂದ. ಈ ಪ್ರದೇಶದ ದೊಡ್ಡ ರಾಶಿಗಳಲ್ಲಿ ಬಹುಪಾಲು 9 ಮತ್ತು 10ನೇ ಶತಮಾನದವು. ಕಂಚಿನ ಯುಗದವರು ಕಿಟ್ಟದೊಳಗೆ ಸಿಕ್ಕಿಕೊಂಡ ತಾಮ್ರದ ಕಾಳುಗಳನ್ನು ಬಿಡಿಸಿಕೊಳ್ಳಲು ಅದನ್ನು ಕಲ್ಲಿನಿಂದ ಕುಟ್ಟಿ ಪುಡಿಮಾಡುತ್ತಿದ್ದರು, ಹಾಗಾಗಿ ಅತ್ಯಂತ ಹಳೆಯ ಕೆಲಸದ ಗುರುತೇ ಅತ್ಯಂತ ಚಿಕ್ಕದು. ಜೆಸಿಬಿಯ ಒಂದು ಬಕೆಟ್‌ಗೆ ಅದು ಜಲ್ಲಿಯಷ್ಟೇ.

ಗೋರಿಗಳ ಭಾಗ್ಯ ಇದಕ್ಕಿಂತ ಮೇಲು. ದಿಣ್ಣೆಗಳ ನೆತ್ತಿಯ ಮೇಲೆ ಕಲ್ಲು ಪೇರಿಸಿ ಕಟ್ಟಿದ, ಸುಮಾರು 5,000 ವರ್ಷ ಹಳೆಯ ಹಫೀತ್ ಗೋರಿಗಳು ದೂರದಿಂದಲೇ ಕಾಣುತ್ತವೆ. ಬಾತ್, ಅಲ್ ಖುತ್ಮ್ ಮತ್ತು ಅಲ್ ಐನ್ ಎಂಬ ತಮ್ಮ ಮೂರು ನೆಲೆಗಳು 1988ರಲ್ಲೇ ಯುನೆಸ್ಕೊ ಪಟ್ಟಿಗೆ ಸೇರಿದವು. ಗಡಿಯಾಚೆ ಎಮಿರೇಟ್ಸ್‌ನಲ್ಲಿರುವ, ಅದೇ ಹೆಸರಿನ ಅಲ್ ಐನ್ ನಗರದ ಓಯಸಿಸ್‌ಗಳೂ ಹಿಲಿಯ ನೆಲೆಗಳೂ 2011ರಲ್ಲಿ ಸೇರಿದವು. ಆದರೆ ಗೋರಿಯಲ್ಲಿ ಮಲಗಿದವರು ಬದುಕಿದ್ದಾಗ ನಡೆದ ದಾರಿ, ನೀರು ಕುಡಿದ ಬಾವಿ, ಅದಿರು ಅಗೆದ ಹೊಂಡ, ಇದ್ದಿಲು ಸುಟ್ಟ ಜಾಗ ಇವೆಲ್ಲ ಒಂದೇ ಬದುಕಿನ ಭಾಗಗಳಲ್ಲವೇ? ಒಂಟೆಯನ್ನು ಸಾಕಿ ಹೊರೆಗೆ ಹಚ್ಚಿದ್ದು ಬಹಳ ಕಾಲದ ನಂತರ. ಆ ಗೋರಿಗಳ ಕಾಲದಲ್ಲಿ ಹೊರೆ ಹೊತ್ತದ್ದು ಕತ್ತೆ ಮತ್ತು ಮನುಷ್ಯ. ಕತ್ತೆ ಮೇಲಿಂದ ಮೇಲೆ ನೀರು ಕೇಳುವ ಪ್ರಾಣಿಯಾದ್ದರಿಂದ ಆ ದಾರಿಯ ಜಾಡನ್ನು ಬಾವಿಗಳಿಂದಲೇ ಹುಡುಕಬೇಕೆಂದು ನನ್ನ ನಂಬಿಕೆ.

ಆದ್ದರಿಂದ ತಮ್ಮಲ್ಲಿ ನನ್ನ ಮುಖ್ಯ ಬೇಡಿಕೆ, ಸೊಹಾರ್‌ನ ಕಡಲ ದಡದಿಂದ ಬುರೈಮಿಯವರೆಗಿನ ಈ ಕಣಿವೆಯನ್ನು ಬಿಡಿ ನೆಲೆಗಳ ಪಟ್ಟಿಯಾಗಿ ನೋಡದೆ ಇಡೀ ದಾರಿಯಾಗಿ ಸಮೀಕ್ಷೆ ಮಾಡಿಸಿ, 2019ರ ಸಾಂಸ್ಕೃತಿಕ ಪರಂಪರೆ ಕಾನೂನಿನ ಅಡಿಯಲ್ಲಿ ಒಟ್ಟಾಗಿ ರಕ್ಷಿಸಬೇಕು ಎಂಬುದು. ಕಣಿವೆಯ ಲಸೈಲ್‌ನಲ್ಲಿ 1980ರ ದಶಕದಲ್ಲಿ ತಾಮ್ರದ ಗಣಿ ಮತ್ತೆ ತೆರೆದಾಗಲೂ ಅಗೆದದ್ದು ಪ್ರಾಚೀನರು ಅಗೆದಿದ್ದ ನೆಲವನ್ನೇ. ಈಗ ರೈಲಿನ ಜೊತೆಗೆ ಕೂಡುರಸ್ತೆ, ಕಲ್ಲುಕ್ವಾರಿ, ಗೋದಾಮುಗಳೂ ಬರುತ್ತವೆ, ಅವುಗಳ ಮೇಲೂ ಕಣ್ಣಿರಬೇಕು.

ಇನ್ನೊಂದು ಬೇಡಿಕೆ ಚಿಕ್ಕದು, ಖರ್ಚೂ ಕಡಿಮೆ. ಅಗೆಯುವ ಯಂತ್ರದ ಸೀಟಿನಲ್ಲಿ ಕೂತವನು ಹೆಚ್ಚಾಗಿ ಭಾರತದವನೋ ಪಾಕಿಸ್ತಾನದವನೋ ಬಾಂಗ್ಲಾದೇಶದವನೋ ಆಗಿರುತ್ತಾನೆ. ಅರಬ್ಬಿ, ಇಂಗ್ಲಿಷ್ ಫಲಕಗಳು ಅವನಿಗೆ ಏನನ್ನೂ ಹೇಳುವುದಿಲ್ಲ. ಹಿಂದಿ, ಉರ್ದು, ಬಂಗಾಳಿ, ಮಲಯಾಳಂಗಳಲ್ಲಿ ಒಂದು ಹಾಳೆ, ಅದರ ಮೇಲೆ ಕಿಟ್ಟದ ಮತ್ತು ಗೋರಿಯ ಕಲ್ಲುಸಾಲಿನ ಚಿತ್ರ, ಕಂಡರೆ ಯಂತ್ರ ನಿಲ್ಲಿಸಿ ಯಾರಿಗೆ ಹೇಳಬೇಕು ಎಂಬ ಒಂದು ಫೋನ್ ಸಂಖ್ಯೆ ಇಷ್ಟು ಸಾಕು. ಕೆಲಸ ನಿಲ್ಲಿಸಿದ್ದಕ್ಕೆ ಅವನ ಕೂಲಿ ಕಡಿತವಾಗದು ಎಂಬ ಭರವಸೆಯೂ ಅದರಲ್ಲಿರಬೇಕು; ಅದಿಲ್ಲದಿದ್ದರೆ ಯಾರೂ ಯಂತ್ರ ನಿಲ್ಲಿಸಲಾರರು.

ನಾನು ಕಂಡ ರಾಶಿಯ ಜಾಗದ ಗುರುತನ್ನೂ ಫೋಟೊಗಳನ್ನೂ ಅರಬ್ಬಿ ಪ್ರತಿಯ ಜೊತೆ ಲಗತ್ತಿಸಿದ್ದೇನೆ. ತಮ್ಮ ಅಧಿಕಾರಿಗಳು ಬರುವುದಾದರೆ ಯಾವ ಶುಕ್ರವಾರವಾದರೂ ದಾರಿ ತೋರಿಸಲು ನಾನು ಸಿದ್ಧ.

ತಮ್ಮ ವಿಶ್ವಾಸಿ,
ಸೊಹಾರ್‌ನ ಒಬ್ಬ ಕನ್ನಡಿಗ