ಬ್ರೇಕ್ ಕಿರುಚಿದರೆ ಎಣ್ಣೆ ಬಿಡಬೇಡ ಮಗಳೇ

ಪ್ರೀತಿಯ ಮಗಳೇ,

ಸೈಕಲ್ ಬ್ರೇಕ್ ಹಿಡಿದಾಗಲೆಲ್ಲ ಕೀಂಯ್ ಅನ್ನುತ್ತೆ, ಒಂಚೂರು ಎಣ್ಣೆ ಬಿಡಲಾ ಅಂತ ಫೋನಿನಲ್ಲಿ ಕೇಳಿದೆಯಲ್ಲ, ಬೇಡವೇ ಬೇಡ. ಒಂದು ಹನಿಯೂ ಬೇಡ. ಚೈನ್ ಸದ್ದು ಮಾಡಿದರೆ ಎಣ್ಣೆ ಬಿಡುತ್ತೇವೆ, ನಿಜ. ಡಿಸ್ಕ್ ಬ್ರೇಕ್ ಅದಕ್ಕೆ ಪೂರ್ತಿ ಉಲ್ಟಾ. ಚಕ್ರದ ಜೊತೆ ತಿರುಗುವ ಲೋಹದ ತಟ್ಟೆಯೇ ಡಿಸ್ಕ್. ಪ್ಯಾಡ್ ಅನ್ನುವ ಬಿಲ್ಲೆಗಳು ಅದನ್ನು ಎರಡೂ ಕಡೆಯಿಂದ ಉಜ್ಜಿ ಹಿಡಿದರೆ ತಾನೇ ಸೈಕಲ್ ನಿಲ್ಲುವುದು? ನಡುವೆ ಎಣ್ಣೆ ಸೇರಿದರೆ ಹಿಡಿತವೇ ಹೋಗುತ್ತೆ. ಅವತ್ತು ಅವಸರದಲ್ಲಿ ಹೇಳಿದ್ದು ಸಾಲದು ಅನ್ನಿಸಿತು, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಡಿಸ್ಕ್ ಒರೆಸು. ಐಸೋಪ್ರೊಪೈಲ್ ಆಲ್ಕೋಹಾಲ್ ಅನ್ನುವ, ಜಿಡ್ಡು ತೆಗೆಯುವ ಸ್ಪಿರಿಟ್ ಸಾಕು, ಬೇರೆ ಏನೂ ಬೇಡ. ಒಗೆದ ಹತ್ತಿ ಬಟ್ಟೆಗೆ ಸ್ವಲ್ಪ ಹಾಕಿಕೊಂಡು ಎರಡೂ ಕಡೆ ಒತ್ತಿ ಒರೆಸು. ಬಟ್ಟೆ ಕಪ್ಪಾದರೆ ಮಡಿಕೆ ಬದಲಿಸು. ಚೈನ್ ಒರೆಸಿದ ಬಟ್ಟೆಯನ್ನು ಹತ್ತಿರವೂ ತರಬೇಡ. ಬರಿಗೈಯಲ್ಲಿ ಡಿಸ್ಕ್ ಮುಟ್ಟಲೂಬೇಡ, ಬೆರಳಿನ ಜಿಡ್ಡೇ ಸಾಕು ಅದನ್ನು ಕೆಡಿಸಲು. ಇಳಿಜಾರು ಇಳಿದು ಬಂದ ಕೂಡಲೇ ಮುಟ್ಟಿದರಂತೂ ಚರ್ಮ ಸುಡುತ್ತೆ. ಚಕ್ರ ತಿರುಗುವಾಗ ಬೆರಳು ಅದರ ಹತ್ತಿರ ಹೋಗಲೇಬಾರದು. ಡಿಸ್ಕಿನ ತೂತುಗಳಿಗೆ ಬೆರಳು ಸಿಕ್ಕಿದರೆ ಕತ್ತರಿಸಿಯೇ ಬಿಡುತ್ತೆ. ಇದೊಂದನ್ನು ಮರೆಯಬೇಡ.

ಒರೆಸಿದ ಮೇಲೂ ಕಿರುಚಿದರೆ ಪ್ಯಾಡ್ ನೋಡಬೇಕು. ಚಕ್ರ ಬಿಚ್ಚಿ, ಪ್ಯಾಡ್ ಹಿಡಿದಿರುವ ಪಿನ್ ತೆಗೆದರೆ ಪ್ಯಾಡ್ ಹೊರಗೆ ಬರುತ್ತೆ. ಚಕ್ರ ಇಲ್ಲದಾಗ ಲಿವರ್ ಮಾತ್ರ ಒತ್ತಬೇಡ. ನಿನ್ನದು ಹೈಡ್ರಾಲಿಕ್, ಅಂದರೆ ಪೈಪಿನೊಳಗಿನ ದ್ರವದ ಒತ್ತಡದಿಂದ ಹಿಡಿಯುವ ಬ್ರೇಕ್. ಒತ್ತಿದರೆ ಪ್ಯಾಡನ್ನು ತಳ್ಳುವ ಒಳಗಿನ ಪಿಸ್ಟನ್‌ಗಳು ಮುಂದಕ್ಕೆ ಬಂದು ಕೂರುತ್ತವೆ. ಆಮೇಲೆ ಡಿಸ್ಕ್ ಒಳಗೆ ಹೋಗುವುದೇ ಇಲ್ಲ.

ಪ್ಯಾಡನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡು. ಮೇಲ್ಮೈ ಗಾಜಿನ ಹಾಗೆ ಹೊಳೆಯುತ್ತಿದ್ದರೆ, ಸಪಾಟಾದ ಜಾಗದಲ್ಲಿ ಉಪ್ಪುಕಾಗದ ಇಟ್ಟು ಹೊಳಪು ಹೋಗುವಷ್ಟು ಮಾತ್ರ ಉಜ್ಜು. ಆ ಪುಡಿಯನ್ನು ಊದಬೇಡ, ಮೂಗಿಗೆ ಹೋಗುತ್ತೆ. ಮಾಸ್ಕ್ ಹಾಕಿಕೋ. ಎಣ್ಣೆ ಒಳಗೆ ಇಳಿದ ಪ್ಯಾಡ್‌ಗೆ ಮಾತ್ರ ಜಾಸ್ತಿ ಹೊತ್ತು ಒದ್ದಾಡಬೇಡ. ಒಲೆ ಮೇಲೆ ಕಾಯಿಸಿದರೆ ಸರಿಹೋಗುತ್ತೆ ಅಂತ ಕೆಲವರು ಹೇಳುತ್ತಾರೆ. ಬ್ರೇಕ್ ವಿಷಯದಲ್ಲಿ ನನಗೆ ಅದು ಒಪ್ಪಿಗೆಯಿಲ್ಲ. ಸುಮ್ನೆ ಹೊಸದು ಹಾಕು. ಶಿಮಾನೊ ಕಂಪನಿಯ ಪ್ಯಾಡ್ ಆದರೆ, ತಗಡು ಬಿಟ್ಟು ಉಜ್ಜುವ ಭಾಗ 0.5 ಮಿ.ಮೀ.ಗೆ ಇಳಿದಾಗಲೂ ಬದಲಿಸಲೇಬೇಕು. ಡಿಸ್ಕೂ ಸವೆಯುತ್ತೆ. ಎಷ್ಟು ತೆಳುವಾಗುವವರೆಗೆ ಓಡಿಸಬಹುದು ಅಂತ ಸಾಮಾನ್ಯವಾಗಿ ಅದರ ಮೇಲೇ ಕೊರೆದಿರುತ್ತಾರೆ, ಓದಿ ನೋಡು.

ಬ್ರೇಕ್ ಹಿಡಿಯದಿದ್ದಾಗಲೂ ಸರ್ ಸರ್ ಅಂದರೆ ಅದು ಬೇರೆ ಕಥೆ. ಚಕ್ರ ಎತ್ತಿ ತಿರುಗಿಸಿ ಕಿವಿಗೊಡು. ಸದ್ದು ಒಂದೇ ಸಮನೆ ಬಂದರೆ ಕ್ಯಾಲಿಪರ್, ಅಂದರೆ ಪ್ಯಾಡ್‌ಗಳು ಕೂತಿರುವ ಗೂಡು, ಓರೆಯಾಗಿ ಕೂತಿದೆ. ಸುತ್ತಿಗೊಮ್ಮೆ ಮಾತ್ರ ಬಂದರೆ ಡಿಸ್ಕ್ ಸ್ವಲ್ಪ ಬಾಗಿದೆ. ಕ್ಯಾಲಿಪರ್ ಸರಿ ಮಾಡುವುದು ಸುಲಭ. ಅದರ ಎರಡು ಬೋಲ್ಟ್‌ಗಳನ್ನು ಅಲ್ಲಾಡುವಷ್ಟು ಸಡಿಲಿಸು. ಲಿವರ್ ಒತ್ತಿ ಹಿಡಿದುಕೋ. ಹಿಡಿದಿರುವಾಗಲೇ ಇದನ್ನೊಂದಿಷ್ಟು, ಅದನ್ನೊಂದಿಷ್ಟು ಅಂತ ಬಿಗಿ ಮಾಡುತ್ತಾ ಬಾ. ಒಂದನ್ನೇ ಪೂರ್ತಿ ಬಿಗಿದರೆ ಕ್ಯಾಲಿಪರ್ ಮತ್ತೆ ಓರೆಯಾಗುತ್ತೆ. ಆಮೇಲೆ ಹಿಂದೆ ಬಿಳಿ ಕಾಗದ ಹಿಡಿದು ಸಂದಿಯಲ್ಲಿ ನೋಡು. ಡಿಸ್ಕಿನ ಎರಡೂ ಪಕ್ಕ ಬಿಳಿ ಗೆರೆ ಕಾಣಬೇಕು.

ಲಿವರ್ ಮೆತ್ತಗಾಗಿ ಹ್ಯಾಂಡಲ್‌ವರೆಗೂ ಬಂದರೆ ಪೈಪಿನೊಳಗೆ ಗಾಳಿ ಸೇರಿರಬಹುದು. ಆಗ ಸೈಕಲ್ ಹತ್ತಬೇಡ. ಗಾಳಿ ಹೊರಹಾಕಿ ದ್ರವ ತುಂಬುವ ಕೆಲಸವನ್ನು ಮೊದಲ ಸಲ ನೀನೊಬ್ಬಳೇ ಮಾಡುವುದೂ ಬೇಡ, ಇಬ್ಬರೂ ಸೇರಿ ಮಾಡೋಣ. ಆ ದ್ರವ ಎರಡು ಬಗೆ: ಕೆಲವು ಬ್ರೇಕ್‌ಗಳಿಗೆ ಮಿನರಲ್ ಆಯಿಲ್, ಕೆಲವಕ್ಕೆ ಡಾಟ್ (DOT) ಫ್ಲೂಯಿಡ್. ಒಂದರ ಬದಲು ಇನ್ನೊಂದು ಹಾಕಿದರೆ ಒಳಗಿನ ರಬ್ಬರ್ ಸೀಲುಗಳು ಹಾಳಾಗುತ್ತವೆ. ನಿನ್ನ ಲಿವರ್ ಮೇಲೆ ಏನು ಬರೆದಿದೆ ಅಂತ ಫೋಟೋ ಕಳಿಸು.

ಹೊಸ ಪ್ಯಾಡ್ ಹಾಕಿದ ದಿನವೇ ಇಳಿಜಾರಿಗೆ ಹೋಗಬೇಡ. ಮೊದಲಿಗೆ ಅದು ಸರಿಯಾಗಿ ಹಿಡಿಯುವುದೇ ಇಲ್ಲ. ಪ್ಯಾಡಿನ ತೆಳು ಪದರ ಡಿಸ್ಕಿಗೆ ಅಂಟಿಕೊಂಡ ಮೇಲೇ ಬ್ರೇಕಿಗೆ ಬಲ ಬರುವುದು. ಗಾಡಿ ಓಡಾಟವಿಲ್ಲದ ಸಮತಟ್ಟು ರಸ್ತೆಯಲ್ಲಿ ಗಂಟೆಗೆ 20 ಕಿ.ಮೀ. ವೇಗಕ್ಕೆ ಹೋಗಿ, ನಡಿಗೆಯ ವೇಗಕ್ಕೆ ಬರುವವರೆಗೆ ಮೆಲ್ಲಗೆ ಬ್ರೇಕ್ ಹಿಡಿ. ಚಕ್ರ ಜಾಮ್ ಆಗಬಾರದು. ಹಿಂದಿನದಕ್ಕೂ ಮುಂದಿನದಕ್ಕೂ ಬೇರೆ ಬೇರೆಯಾಗಿ ಸುಮಾರು 20 ಸಲ ಹೀಗೆ ಮಾಡು. ಹಿಡಿತ ಗಟ್ಟಿಯಾಗುತ್ತಾ ಬರುವುದು ನಿನ್ನ ಬೆರಳಿಗೇ ಗೊತ್ತಾಗುತ್ತೆ.

ಇಂತಿ ನಿನ್ನ
ಅಮ್ಮ