ರೆಪ್ಪೆಗೂದಲು ಕೊನೆಗಿರಲಿ

ಚಿ. ಪುಟ್ಟಿಗೆ ನಿನ್ನ ದೊಡ್ಡಪ್ಪನ ಆಶೀರ್ವಾದಗಳು.

ನೀನು ಬರೆದ ಅಜ್ಜಿಯ ಚಿತ್ರ ಬಂತು. ಎಷ್ಟು ಹೊತ್ತು ನೋಡಿದೆನೋ! ರೆಪ್ಪೆಗೂದಲು ಒಂದೊಂದನ್ನೂ ಎಣಿಸಬಹುದು. ಆದರೂ ಅಜ್ಜಿ ಥರ ಕಾಣುತ್ತಿಲ್ಲ, ಯಾಕೆ ಅಂತ ಕೇಳಿದ್ದೀಯ.

ನೀನು ಕಣ್ಣಿನಿಂದ ಶುರು ಮಾಡಿದ್ದೀಯ ಮಗಳೇ. ನಾನೂ ವರ್ಷಗಟ್ಟಲೆ ಹಾಗೇ ಮಾಡಿದೆ. ಬೀದಿಯ ಆ ತುದಿಯಲ್ಲಿ ಅಜ್ಜಿ ಬರುತ್ತಿದ್ದರೆ ಅವಳ ಕಣ್ಣು ನಿನಗೆ ಕಾಣುತ್ತದೆಯೇ? ಆದರೂ ಅಜ್ಜಿ ಅಂತ ಗೊತ್ತಾಗುತ್ತದೆ. ತಲೆಯ ಆಕಾರ, ಅದು ಕತ್ತಿನ ಮೇಲೆ ಕೂತ ರೀತಿ, ಕಣ್ಣಗುಳಿಯ ನೆರಳು, ಕೆನ್ನೆಯ ಇಳಿಜಾರು, ಹೋಲಿಕೆ ಇರುವುದು ಇಲ್ಲಿ.

ಹಣೆಯಲ್ಲಿ ನೋಡುವಂಥದ್ದೇನೂ ಇಲ್ಲವೆಂದು ನಮ್ಮ ಮನಸ್ಸು ಅದನ್ನು ಗಿಡ್ಡ ಮಾಡಿಬಿಡುತ್ತದೆ, ಕಣ್ಣು ಮೇಲೇರಿಬಿಡುತ್ತದೆ. ಅಳೆದು ನೋಡು: ನೆತ್ತಿಗೂ ಗದ್ದಕ್ಕೂ ಸರಿಸುಮಾರು ನಟ್ಟನಡುವೆ ಕಣ್ಣು. ಎರಡು ಕಣ್ಣುಗಳ ನಡುವೆ ಇನ್ನೊಂದು ಕಣ್ಣಿನಷ್ಟು ಜಾಗ. ಕಿವಿ ಹುಬ್ಬಿನ ಮಟ್ಟದಿಂದ ಮೂಗಿನ ಬುಡದವರೆಗೆ. ಇದು ಬರೀ ಸರಾಸರಿ ಲೆಕ್ಕ. ವಯಸ್ಸಾದಂತೆ ಕಿವಿ ಉದ್ದವಾಗುತ್ತದೆ, ತುಟಿ ತೆಳುವಾಗುತ್ತದೆ. ಅಜ್ಜಿ ಆ ಲೆಕ್ಕವನ್ನು ಎಲ್ಲೆಲ್ಲಿ ಮೀರಿದ್ದಾಳೋ ಅಲ್ಲಲ್ಲಿ ನಿನ್ನ ಪೆನ್ಸಿಲ್ ನಿಲ್ಲಬೇಕು.

ಅವಳನ್ನು ಕಿಟಕಿಯ ಪಕ್ಕ ಕೂರಿಸು, ಬೆಳಕು ಒಂದೇ ಕಡೆಯಿಂದ ಬೀಳಲಿ. ಆಮೇಲೆ ನಿನ್ನ ಕಣ್ಣು ಕಿರಿದು ಮಾಡಿ ನೋಡು. ಸುಕ್ಕು, ಕೂದಲು ಎಲ್ಲ ಕರಗಿ ಬೆಳಕು ನೆರಳಿನ ನಾಲ್ಕೈದು ದೊಡ್ಡ ತುಂಡುಗಳು ಉಳಿಯುತ್ತವೆ. ಮೆತ್ತನೆಯ ಸೀಸದ 2ಬಿ ಪೆನ್ಸಿಲ್ಲನ್ನು ಓರೆಯಾಗಿ ಹಿಡಿದು ಮೊದಲು ಅವನ್ನು ತುಂಬು, ಅಂಚಿಗೆ ಗೆರೆ ಎಳೆಯಬೇಡ. ಕಣ್ಣಿನ ಬಿಳಿ ಭಾಗವನ್ನೂ ಕಾಗದದ ಬಿಳಿಯಾಗಿ ಬಿಡಬೇಡ, ರೆಪ್ಪೆಯ ನೆರಳು ಅದರ ಮೇಲೆ ಬಿದ್ದಿರುತ್ತದೆ. ತಪ್ಪು ಎಲ್ಲಿದೆಯೆಂದು ತಿಳಿಯದಿದ್ದರೆ ಚಿತ್ರವನ್ನು ಕನ್ನಡಿಗೆ ಹಿಡಿ. ಓರೆಯಾದದ್ದು ಥಟ್ಟನೆ ಕಾಣುತ್ತದೆ.

ಫೋಟೋ ನೋಡಿ ಬರೆಯುವುದು ತಪ್ಪಲ್ಲ. ಆದರೆ ಮೊಬೈಲನ್ನು ಮುಖದ ಹತ್ತಿರ ಹಿಡಿದು ತೆಗೆದದ್ದು ಬೇಡ, ಅದರಲ್ಲಿ ಮೂಗು ದೊಡ್ಡದಾಗಿ, ಕಿವಿ ಹಿಂದಕ್ಕೆ ಸರಿದಿರುತ್ತದೆ. ಬಣ್ಣಕ್ಕೂ ಈಗಲೇ ಅವಸರ ಬೇಡ. ಬೆಳಕು ನೆರಳು ಸರಿಯಿದ್ದರೆ ಬಣ್ಣ ತುಸು ತಪ್ಪಿದರೂ ಮುಖ ನಿಲ್ಲುತ್ತದೆ.

ಇನ್ನೊಂದು ಮಾತು. ನಿನ್ನ ವಯಸ್ಸಿನಲ್ಲಿ ಗೆಳೆಯನೊಬ್ಬನ ಚಿತ್ರ ಬರೆದುಕೊಟ್ಟಿದ್ದೆ. ಅವನು ಮಾತಾಡದೆ ಮಡಿಸಿ ಜೇಬಿಗಿಟ್ಟುಕೊಂಡ. ಆಮೇಲೆ ತಿಂಗಳುಗಟ್ಟಲೆ ನಾನು ಯಾರ ಮುಖವನ್ನೂ ಬರೆಯಲಿಲ್ಲ. ಕಳೆದುಕೊಂಡ ಆ ದಿನಗಳ ಬಗ್ಗೆ ನನಗೆ ಇಂದಿಗೂ ಸಂಕಟವಿದೆ. ಆದ್ದರಿಂದ ಕೂತವರಿಗೆಲ್ಲ ಚಿತ್ರ ತೋರಿಸಲೇಬೇಕೆಂದಿಲ್ಲ. ಯಾರೂ ಸಿಗದ ದಿನ ಕನ್ನಡಿಯಲ್ಲಿ ನೀನಿದ್ದೀಯಲ್ಲ. 1886ರಿಂದ 1888ರವರೆಗೆ ಪ್ಯಾರಿಸ್‌ನಲ್ಲಿದ್ದಾಗ ಮಾಡೆಲ್‌ಗಳಿಗೆ ಕೊಡಲು ದುಡ್ಡಿಲ್ಲದೆ ಚಿತ್ರಕಾರ ವ್ಯಾನ್ ಗೋ ತನ್ನನ್ನೇ 20ಕ್ಕೂ ಹೆಚ್ಚು ಸಲ ಬರೆದುಕೊಂಡ. ನೀನು ಬರೆದ ಚಿತ್ರಗಳನ್ನು ಹರಿಯಬೇಡ, ಹಾಳೆಯ ಹಿಂಬದಿಯಲ್ಲಿ ತಾರೀಕು ಹಾಕಿ ಎತ್ತಿಡು.

ಅಜ್ಜಿಯನ್ನು ಮತ್ತೆ ಕೂರಿಸು. 20 ನಿಮಿಷ ಸಾಕು, ಅವಳ ಕತ್ತು ನೋಯುತ್ತದೆ. ಈ ಸಲ ಕಣ್ಣು ಬಾಯಿ ಬಿಡಿಸದೆ ಬರೀ ನೆರಳಿನಲ್ಲೇ ಅವಳನ್ನು ಬರೆದು ಕಳಿಸು. ನನ್ನ ಅಮ್ಮನನ್ನು ನಾನು ಗುರುತು ಹಿಡಿಯುತ್ತೇನೋ ನೋಡೋಣ.

ನಿನ್ನ ದೊಡ್ಡಪ್ಪ