ಹೂಳೆತ್ತುವ ಮೊದಲು ಒಂದು ಕೊಳವೆ ಕೆಸರು ತೆಗೆಯಲು ಬಿಡಿ: ಜಲಸಂಪನ್ಮೂಲ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಸಚಿವರೇ,

ಸರೋವರಗಳ ಹೂಳೆತ್ತುವ ಕಾಮಗಾರಿಗೆ ತಾವು ಮಂಜೂರಾತಿ ಕೊಡುವಾಗ ಅಂದಾಜುಪಟ್ಟಿಯಲ್ಲಿ ಕೆಸರು ಘನಮೀಟರ್ ಲೆಕ್ಕದಲ್ಲಿ ಬರುತ್ತದೆ: ಎಷ್ಟು ತೆಗೆಯಬೇಕು, ಎಲ್ಲಿಗೆ ಸಾಗಿಸಬೇಕು. ಆ ಕೆಸರು ಯಾವ ಕಾಲದ್ದು ಎಂಬ ಪ್ರಶ್ನೆಗೆ ಅಲ್ಲಿ ಜಾಗವಿಲ್ಲ. ಅದಕ್ಕೊಂದು ಜಾಗ ಮಾಡಿಕೊಡಿ ಎಂದು ಕೇಳಲು ಈ ಪತ್ರ. ಹಳೆಯ ಸರೋವರದ ತಳಕ್ಕೆ ಯಂತ್ರ ಇಳಿಯುವ ಮೊದಲು ಅಲ್ಲಿಂದ ಕೆಸರಿನ ಕೋರ್, ಅಂದರೆ ಕೊಳವೆ ಇಳಿಸಿ ಪದರಗಳು ಕಲಸದಂತೆ ಮೇಲೆತ್ತಿದ ಕೆಸರಿನ ಕಂಬ, ತೆಗೆದಿಡುವುದನ್ನು ಕಡ್ಡಾಯ ಮಾಡಬೇಕು.

ಅನೇಕ ಸರೋವರಗಳಲ್ಲಿ ಕೆಸರು ವರ್ಷಕ್ಕೆ ಒಂದು ಮಿಲಿಮೀಟರಿನ ಆಸುಪಾಸು ಕೂರುತ್ತದೆ. ಅಂಥ ಕಡೆ ಒಂದು ಮೀಟರ್ ಹೂಳು ತೆಗೆದರೆ ಸಾವಿರ ವರ್ಷಗಳ ಮಳೆ, ಬರ, ಕಾಡು, ಬೆಂಕಿಗಳ ಕುರುಹು ಲಾರಿ ಹತ್ತಿ ಹೋದಂತೆ. ಯಂತ್ರದ ಬಕೆಟ್ಟು ಒಮ್ಮೆ ಪದರಗಳನ್ನು ಕಲಸಿತೆಂದರೆ ಅವನ್ನು ಮತ್ತೆ ಬೇರ್ಪಡಿಸುವ ಉಪಾಯ ಯಾರಲ್ಲೂ ಇಲ್ಲ.

ಕೋರ್ ತೆಗೆಯುವುದು ದೊಡ್ಡ ಕಾಮಗಾರಿಯೇನಲ್ಲ, ಆದರೆ ಕ್ರಮ ತಪ್ಪಬಾರದು. ಮೊದಲು ಪ್ರತಿಧ್ವನಿ ಮಾಪಕದಿಂದ ತಳದ ಆಳ ಅಳೆದು, ಆಳವಾಗಿಯೂ ಸಮತಟ್ಟಾಗಿಯೂ ಇರುವ ಜಾಗ ಹುಡುಕಬೇಕು. ದಂಡೆಯ ಹತ್ತಿರ ಅಲೆಗಳು ಕೆಸರನ್ನು ಕಲಕುತ್ತವೆ, ಇಳಿಜಾರಿನಲ್ಲಿ ಅದು ಜಾರಿ ಬೀಳುತ್ತದೆ, ತೊರೆ ಸೇರುವ ಬಾಯಲ್ಲಿ ಒಂದೇ ಪ್ರವಾಹ ಗೇಣುಗಟ್ಟಲೆ ಮರಳು ತಂದು ಹಾಕಬಹುದು. ಮೇಲಿನ ಅರ್ಧದಿಂದ ಒಂದು ಮೀಟರ್ ಕೆಸರಿಗೆ ತನ್ನ ಭಾರಕ್ಕೇ ಇಳಿಯುವ ಗ್ರಾವಿಟಿ ಕೋರರ್ ಸಾಕು. ಅದನ್ನು ರಭಸದಿಂದ ಬಿಟ್ಟರೆ ಮುಂದೆ ತಳ್ಳಿದ ನೀರು ಮೇಲಿನ ಮೆತ್ತನೆಯ ಪದರವನ್ನು ಹಾರಿಸಿಬಿಡುತ್ತದೆ. ಇತ್ತೀಚಿನ ದಶಕಗಳೇ ಮಾಯವಾಗುತ್ತವೆ. ಕೊಳವೆಯಲ್ಲಿ ಕೆಸರಿನ ಮೇಲಿನ ನೀರು ತಿಳಿಯಾಗಿ ಬಂದರೆ ಮೇಲ್ಪದರ ಉಳಿದಿದೆ ಎಂದು ನಂಬಬಹುದು.

ಅದಕ್ಕಿಂತ ಆಳಕ್ಕೆ, ಒಳಗಿನ ಪಿಸ್ಟನ್ನಿನ ಹೀರುವಿಕೆಯಿಂದ ಕೆಸರನ್ನು ಹಿಡಿದಿಡುವ ಪಿಸ್ಟನ್ ಕೋರರ್ ಬೇಕು. ತೆಪ್ಪದ ಮೇಲಿಂದ ಒಂದೊಂದೇ ಮೀಟರಿನಂತೆ ತುಂಡು ತುಂಡಾಗಿ ತೆಗೆಯುತ್ತಾರೆ. ಒಂದು ತುಂಡು ಮುಗಿದು ಇನ್ನೊಂದು ಶುರುವಾಗುವ ಕಡೆ ಕೆಲವು ಸೆಂಟಿಮೀಟರ್ ಕಳೆದುಹೋಗುವುದು ಮಾಮೂಲು. ಆದ್ದರಿಂದ ಪಕ್ಕದಲ್ಲೇ ಎರಡನೆಯ ರಂಧ್ರ ಕೊರೆದು, ಅದರ ತುಂಡುಗಳು ಅರ್ಧ ಮೀಟರ್ ಕೆಳಗಿನಿಂದ ಶುರುವಾಗುವಂತೆ ನೋಡಿಕೊಳ್ಳಬೇಕು. ಟೆಂಡರಿನಲ್ಲಿ ಉಳಿತಾಯದ ನೆಪ ಹೇಳಿ ಕತ್ತರಿಸುವುದು ಈ ಎರಡನೆಯ ರಂಧ್ರವನ್ನೇ, ಹಾಗಾಗಿ ಒತ್ತಿ ಹೇಳುತ್ತಿದ್ದೇವೆ. ವರ್ಷಕ್ಕೊಂದು ಪದರ ಕೂರುವ ಜಪಾನಿನ ಸುಯ್ಗೆತ್ಸು ಸರೋವರದಲ್ಲಿ 1993ರಲ್ಲಿ ಒಂದೇ ರಂಧ್ರದಿಂದ ತೆಗೆದ ಕೋರ್‌ನಲ್ಲಿ ತುಂಡುಗಳ ನಡುವೆ ಖಾಲಿ ಉಳಿದು ವರ್ಷಗಳ ಎಣಿಕೆ ಕಡಿಮೆ ಬಂತು. 2006ರಲ್ಲಿ ನಾಲ್ಕು ರಂಧ್ರ ಕೊರೆದು, ಪದರಕ್ಕೆ ಪದರ ಹೊಂದಿಸಿದ ಮೇಲೆ ಲೆಕ್ಕ ಕೂಡಿತು. ಇಂದು ಜಗತ್ತಿನ ರೇಡಿಯೋಕಾರ್ಬನ್ ಕಾಲಗಣನೆಯನ್ನು (ಜೀವಿಗಳ ಅವಶೇಷದಲ್ಲಿ ಉಳಿದ ವಿಕಿರಣಶೀಲ ಇಂಗಾಲದಿಂದ ವಯಸ್ಸು ಲೆಕ್ಕ ಹಾಕುವ ವಿಧಾನ) ತಿದ್ದುವ ಮುಖ್ಯ ಆಧಾರಗಳಲ್ಲಿ ಆ ಕೆಸರೂ ಒಂದು.

ಮೇಲೆ ಬಂದ ಕೊಳವೆಗೆ ತಕ್ಷಣ ಮೇಲ್ತುದಿ, ಕೆಳತುದಿ, ಆಳ ಬರೆಯಬೇಕು. ತಲೆಕೆಳಗಾದ ಕೋರ್ ತಪ್ಪು ಚರಿತ್ರೆ ಹೇಳುತ್ತದೆ. ಆಮೇಲೆ 4 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿಡಬೇಕು. ಹೆಪ್ಪುಗಟ್ಟಿಸಿದರೆ ಮಂಜಿನ ಹರಳುಗಳು ಪದರಗಳನ್ನು ಸೀಳುತ್ತವೆ. ಬಿಸಿಲಲ್ಲಿ ಬಿಟ್ಟರೆ ಬೂಷ್ಟು ಬರುತ್ತದೆ.

ಪ್ರಯೋಗಾಲಯದಲ್ಲಿ ಕೋರ್ ಅನ್ನು ಉದ್ದಕ್ಕೆ ಸೀಳಿ ಒಂದರ್ಧವನ್ನು ಮುಟ್ಟದೆ ಎತ್ತಿಡುತ್ತಾರೆ. ಇನ್ನರ್ಧದಿಂದ ಸೆಂಟಿಮೀಟರಿಗೊಂದರಂತೆ ಮಾದರಿ ತೆಗೆದು 105 ಡಿಗ್ರಿಯಲ್ಲಿ ಒಣಗಿಸಿ ತೂಗಿ, 550 ಡಿಗ್ರಿಯಲ್ಲಿ ನಾಲ್ಕು ಗಂಟೆ ಸುಟ್ಟು ಮತ್ತೆ ತೂಗಿದರೆ ಕಳೆದ ತೂಕವೇ ಸಾವಯವ ಅಂಶ. 950 ಡಿಗ್ರಿಯಲ್ಲಿ ಇನ್ನೆರಡು ಗಂಟೆ ಸುಟ್ಟರೆ ಹೊರಬಿದ್ದ ಇಂಗಾಲದ ಡೈಆಕ್ಸೈಡಿನಿಂದ ಕಾರ್ಬೊನೇಟ್ ಎಷ್ಟೆಂದು ಗೊತ್ತಾಗುತ್ತದೆ. ಜೇಡಿ ಹೆಚ್ಚಿದ್ದರೆ 550ರ ಆಚೆ ಜೇಡಿಯೊಳಗಿನ ನೀರೂ ಹೋಗಿ ಅಂಕಿ ಉಬ್ಬುತ್ತದೆ, ಆ ಎಚ್ಚರ ಬೇಕು.

ಪರಾಗ ಬೇಕಿದ್ದರೆ ಕ್ಷಾರ, ಆಮ್ಲಗಳಲ್ಲಿ ಉಳಿದದ್ದನ್ನೆಲ್ಲ ಕರಗಿಸಿ, ಸೂಕ್ಷ್ಮದರ್ಶಕದಡಿ ಮಾದರಿಗೆ ಕನಿಷ್ಠ 300 ಕಣ ಎಣಿಸುತ್ತಾರೆ. ಹುಲ್ಲಿನ ಪರಾಗ ಏರಿ ಮರದ್ದು ಇಳಿದರೆ ಮಳೆ ಕಡಿಮೆಯಾಗಿರಬಹುದು, ಕೊಡಲಿಯೂ ಬಿದ್ದಿರಬಹುದು. ಅದಕ್ಕೇ ಒಂದೇ ಸಾಕ್ಷಿಯನ್ನು ನಂಬುವಂತಿಲ್ಲ. ಡಯಾಟಮ್ ಪಾಚಿಗಳ ಗಾಜಿನ ಚಿಪ್ಪು ನೀರು ಎಷ್ಟು ಉಪ್ಪಾಗಿತ್ತು, ಎಷ್ಟು ಆಳವಿತ್ತು ಎಂದು ಹೇಳುತ್ತದೆ. ಹೊರಹರಿವಿಲ್ಲದ ಸರೋವರದಲ್ಲಿ ಹಗುರ ಆಕ್ಸಿಜನ್-16 ಇರುವ ನೀರು ಬೇಗ ಆವಿಯಾಗುವುದರಿಂದ, ಒಣ ಕಾಲದಲ್ಲಿ ಬೆಳೆದ ಸಣ್ಣ ಜೀವಿಗಳ ಸುಣ್ಣದ ಚಿಪ್ಪಿನಲ್ಲಿ ಭಾರದ ಆಕ್ಸಿಜನ್-18 ಹೆಚ್ಚಿರುತ್ತದೆ. ಪರಾಗ, ಡಯಾಟಮ್, ಐಸೋಟೋಪು ಮೂರೂ ಒಂದೇ ಪದರದಲ್ಲಿ ಬರ ಎಂದರೆ ಅದು ಬರವೇ ಎಂದು ಬಹುಮಟ್ಟಿಗೆ ಹೇಳಬಹುದು.

ಕಾಲ ನಿರ್ಣಯದಲ್ಲಿ ಎಡವಿದರೆ ಮಾತ್ರ ಈ ಶ್ರಮವೆಲ್ಲ ವ್ಯರ್ಥ. ಕಳೆದ ನೂರು, ನೂರೈವತ್ತು ವರ್ಷಕ್ಕೆ, ಕಾಲ ಕಳೆದಂತೆ ಕ್ಷಯಿಸುತ್ತ ಹೋಗುವ ವಿಕಿರಣಶೀಲ ಸೀಸ-210 ಇದೆ; ಅದರ ಅರ್ಧಾಯು ಸುಮಾರು 22 ವರ್ಷ. ಅಣ್ವಸ್ತ್ರ ಪರೀಕ್ಷೆಗಳಿಂದ ಹರಡಿದ ಸೀಸಿಯಮ್-137 ಅತಿ ಹೆಚ್ಚು ಕಾಣುವುದು 1963ರ ಸುಮಾರಿನ ಪದರದಲ್ಲಿ, ಹಾಗಾಗಿ ಸೀಸದ ಲೆಕ್ಕವನ್ನು ಅದರಿಂದ ತಾಳೆ ನೋಡುತ್ತಾರೆ. ಅದರಾಚೆ ಸುಮಾರು 50,000 ವರ್ಷದವರೆಗೆ ರೇಡಿಯೋಕಾರ್ಬನ್. ಇಲ್ಲಿ ದೊಡ್ಡ ಮೋಸವೊಂದಿದೆ. ಸುಣ್ಣಕಲ್ಲಿನಿಂದ ಕರಗಿ ಬಂದ ಹಳೆಯ ಇಂಗಾಲವನ್ನು ನೀರಿನ ಗಿಡಗಳೂ ಚಿಪ್ಪುಗಳೂ ಹೀರಿಕೊಂಡಿರುತ್ತವೆ. ಅವುಗಳ ವಯಸ್ಸು ನಿಜಕ್ಕಿಂತ ನೂರಾರು, ಕೆಲವೊಮ್ಮೆ ಸಾವಿರಾರು ವರ್ಷ ಹೆಚ್ಚಾಗಿ ಬರುತ್ತದೆ. ನೆಲದ ಮೇಲೆ ಬೆಳೆದ ಗಿಡದ ಎಲೆ, ಬೀಜ, ಸಣ್ಣ ಕಡ್ಡಿಯನ್ನು ಜರಡಿಯಲ್ಲಿ ಹುಡುಕಿ ಅದನ್ನೇ ಕಳಿಸಬೇಕು.

ಎಲ್ಲ ಕೆರೆಗಳಿಗೂ ಇಷ್ಟು ಮಾಡಿ ಎಂದು ನಾವು ಕೇಳುತ್ತಿಲ್ಲ. ಪ್ರತಿ ಬೇಸಿಗೆ ಒಣಗಿ ಬಿರುಕು ಬಿಡುವ, ದನ ತುಳಿಯುವ ತಳದಲ್ಲಿ ಪದರಗಳು ಕಲಸಿರುತ್ತವೆ, ಗಾಳಿ ತಗುಲಿ ಪರಾಗ ಹಾಳಾಗಿರುತ್ತದೆ. ಜನ ಕಟ್ಟಿದ ಕೆರೆಯ ದಾಖಲೆ ಅದರ ಏರಿಯಷ್ಟೇ ಹಳೆಯದು. ಮೊದಲೊಂದು ಗಿಡ್ಡ ಕೋರ್ ತೆಗೆದು ಸೀಸ-210 ನೋಡಿದರೆ ಉತ್ತರ ಸಿಗುತ್ತದೆ: ಮೇಲಿಂದ ಕೆಳಕ್ಕೆ ಅದು ನಯವಾಗಿ ಇಳಿದಿದ್ದರೆ ಆ ಸರೋವರ ಯೋಗ್ಯ, ಮೇಲಿನ ಹಲವು ಸೆಂಟಿಮೀಟರ್ ಒಂದೇ ಸಮನಿದ್ದರೆ ಕೆಸರು ಕಲಸಿದೆ, ಅಲ್ಲಿ ಹಣ ಹಾಕುವುದು ಬೇಡ. ಹಾಗೆಂದು ಬತ್ತಿದ ಸರೋವರಗಳನ್ನೆಲ್ಲ ತಳ್ಳಿಹಾಕಲೂ ಬಾರದು. ರಾಜಸ್ಥಾನದ ಲೂಣಕರಣ್‌ಸರ ಇಂದು ಉಪ್ಪಿನ ಬಯಲು. ಒಂದು ಕಾಲದಲ್ಲಿ ಅಲ್ಲಿ ನೀರು ನಿಂತಿತ್ತು, 4,000 ವರ್ಷಗಳಿಗೂ ಮೊದಲೇ ಅದು ಬತ್ತಿತು ಎಂದು ತಿಳಿದದ್ದು ಅದರ ಕೆಸರಿನಿಂದಲೇ.

ತಮ್ಮ ಎಂಜಿನಿಯರುಗಳಿಗೂ ಇದರಿಂದ ಲಾಭವಿದೆ. ಹೂಳು ವರ್ಷಕ್ಕೆಷ್ಟು ಬರುತ್ತಿದೆ, ಯಾವ ದಶಕದಿಂದ ಹೆಚ್ಚಾಯಿತು ಎಂಬುದನ್ನು ಅದೇ ಸೀಸ-210 ತೋರಿಸುತ್ತದೆ. ಮಳೆಮಾಪಕಗಳ ದಾಖಲೆ ಹೆಚ್ಚಿನ ಕಡೆ ನೂರೈವತ್ತು ವರ್ಷ ದಾಟುವುದಿಲ್ಲ. ಅದರಲ್ಲಿ ಕಾಣದಷ್ಟು ದೀರ್ಘವಾದ ಬರಗಳು ಕೆಸರಿನಲ್ಲಿ ಕಾಣುತ್ತವೆ.

ಆದ್ದರಿಂದ ಆದೇಶದಲ್ಲಿ ಇಷ್ಟು ಸೇರಲಿ: ಹೂಳೆತ್ತುವ ಟೆಂಡರ್ ಕರೆಯುವ ಮೊದಲೇ ಗಿಡ್ಡ ಕೋರ್ ಪರೀಕ್ಷೆ, ಅದು ಯೋಗ್ಯವೆಂದು ಬಂದ ಕಡೆ ಅಕ್ಕಪಕ್ಕದ ಎರಡು ರಂಧ್ರಗಳಿಂದ ಪೂರ್ಣ ಕೋರ್, ಒಂದರ್ಧವನ್ನು ಸಾರ್ವಜನಿಕ ಶೀತಲ ಸಂಗ್ರಹದಲ್ಲಿಟ್ಟು, ಕೇಳಿದ ಸಂಶೋಧಕರಿಗೆ ಮಾದರಿ ಕೊಡುವ ವ್ಯವಸ್ಥೆ. ಕೋರ್ ತೆಗೆದ ಜಾಗದ ಸುತ್ತ ಒಂದಿಷ್ಟು ತಳವನ್ನು ಯಂತ್ರ ಮುಟ್ಟದಂತೆ ಬಿಟ್ಟರೆ ಇನ್ನೂ ಒಳ್ಳೆಯದು. ಈಗ ಇಲ್ಲದ ವಿಧಾನವೊಂದು ಮುಂದೆ ಬಂದಾಗ ಅಲ್ಲಿ ಮತ್ತೆ ಕೊಳವೆ ಇಳಿಸಬಹುದು.

ಇತಿ,
ಸರೋವರ ಕೆಸರಿನ ಅಧ್ಯಯನದಲ್ಲಿ ತೊಡಗಿರುವವರು